ಮುಳುಗಿದ ಹನಿ

ಎರಡು ವರ್ಷ ನಾನು ವಾರಕ್ಕೆ ಐದಾರು ಸುಳ್ಳು ಹೇಳಿದೆ. ಎಲ್ಲವೂ ಒಂದೇ ಸುಳ್ಳು: "ನಿಮ್ಮ ಹಿಮೋಗ್ಲೋಬಿನ್ ಕಡಿಮೆ ಐತ್ರಿ." ನಾನೇನು ಹವ್ಯಾಸಕ್ಕೆ ಹೇಳಿದವಳಲ್ಲ. ಹೀಗೆಯೇ ಹೇಳಬೇಕೆಂದು ಸುತ್ತೋಲೆ ಬಂದಿತ್ತು, ಅದರ ಕೆಳಗೆ ಮೂವರ ಸಹಿಯಿತ್ತು, ಓದಿದ್ದೇನೆಂದು ನಾನೂ ಸಹಿ ಹಾಕಿದ್ದೆ.

ನನ್ನ ಹೆಸರು ಕಸ್ತೂರಿ ಮಡಿವಾಳರ. ಗದಗಿನ ಒಂದು ರಕ್ತನಿಧಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ದಾನ ಮಾಡಲು ಬಂದವರನ್ನು ಮೊದಲು ಎದುರುಗೊಳ್ಳುವವಳು ನಾನು. ವಯಸ್ಸೆಷ್ಟು, ತೂಕವೆಷ್ಟು, ಕಾಮಾಲೆ ಆಗಿತ್ತೇ, ಈ ವರ್ಷ ಹಚ್ಚೆ ಹಾಕಿಸಿಕೊಂಡಿದ್ದೀರಾ, ನಿನ್ನೆ ಕುಡಿದಿದ್ದೀರಾ ಎಂದು ಕೇಳುವುದು ನನ್ನ ಕೆಲಸ. "ಇಲ್ರೀ ಅಕ್ಕಾರ" ಎಂದು ಹೇಳುವ ಬಾಯಿಯೇ ವಾಸನೆ ಹೊಡೆಯುತ್ತಿದ್ದರೆ ಎಬ್ಬಿಸಿ ಕಳಿಸುವುದೂ ನನ್ನದೇ ಕೆಲಸ.

ಹಿಂದೆ ಇದಕ್ಕೆಲ್ಲ ಒಂದು ಚಂದವಿತ್ತು. ನನ್ನ ಮೇಜಿನ ಮೇಲೆ ಮೈಲುತುತ್ತದ ನೀಲಿ ದ್ರಾವಣದ ಬಾಟಲಿ ಇರುತ್ತಿತ್ತು. ದಾನಿಯ ಬೆರಳು ಚುಚ್ಚಿ ಒಂದು ಹನಿಯನ್ನು ಅದರೊಳಗೆ ಬಿಡುತ್ತಿದ್ದೆ. ರಕ್ತ ಗಟ್ಟಿಯಿದ್ದರೆ ಹನಿ ಸರ್ರನೆ ಮುಳುಗಿ ತಳಕ್ಕೆ ಹೋಗುತ್ತದೆ. ತೆಳುವಾಗಿದ್ದರೆ ಮೇಲೆಯೇ ತೇಲುತ್ತದೆ. ದಾನಿ ತನ್ನ ಕಣ್ಣಿನಿಂದಲೇ ನೋಡಿ ತಿಳಿದುಕೊಳ್ಳುತ್ತಿದ್ದ. ಓದು ಬರಹ ಬಾರದವರಿಗೂ ಅರ್ಥವಾಗುವ ಪರೀಕ್ಷೆ ಅದು.

ಆಮೇಲೆ 'ಮುನ್ನೋಟ' ಬಂತು. ಅಕ್ಕಿ ಡಬ್ಬಿಯಷ್ಟು ದೊಡ್ಡ ಯಂತ್ರ. ಅದು ಬಂದ ದಿನವೇ ನಮ್ಮ ಡಾಕ್ಟರ್ ನಾಡಗೌಡರು ಅದಕ್ಕೆ 'ಜೋಯಿಸಪ್ಪ' ಎಂದು ಹೆಸರಿಟ್ಟರು. ಒಂದು ಹನಿ ರಕ್ತ ಕೊಟ್ಟರೆ ನಾಲ್ಕು ನಿಮಿಷದಲ್ಲಿ ಹಸಿರು ಅಥವಾ ಕೆಂಪು ದೀಪ. ಅದು ಹುಡುಕುವುದು ಮಡಿಕೆ ತಪ್ಪಿದ ಒಂದು ಪ್ರೋಟೀನನ್ನು. ನಮ್ಮ ಮೈಯ ಪ್ರೋಟೀನುಗಳೆಲ್ಲ ಒಂದು ರೀತಿಯಲ್ಲಿ ಮಡಚಿಕೊಂಡಿರುತ್ತವೆ. ಒಂದರ ಮಡಿಕೆ ತಪ್ಪಿತೆಂದರೆ, ಸೀರೆ ಅಂಗಡಿಯ ರಾಶಿಯಲ್ಲಿ ಆಗುವ ಹಾಗೆ, ಮೇಲೆ ಕೂರುವ ಮುಂದಿನವೂ ಅದೇ ಗೆರೆಯಲ್ಲಿ ತಪ್ಪುತ್ತಾ ಹೋಗುತ್ತವೆ. ಕೆಂಪು ಬಂದ ಎಂಟು ಹತ್ತು ವರ್ಷಕ್ಕೆ ಮನುಷ್ಯನ ಕೈ ನಡುಗುತ್ತದೆ, ಆಮೇಲೆ ಮನೆಯವರ ಹೆಸರು ಮರೆಯುತ್ತದೆ, ಕೊನೆಗೆ ನುಂಗುವುದೂ ಮರೆಯುತ್ತದೆ. ಮದ್ದಿಲ್ಲ. ಊಟದಿಂದ, ಮುಟ್ಟುವುದರಿಂದ ಅಂಟುವುದಿಲ್ಲ, ರಕ್ತದಿಂದ ಅಂಟುತ್ತದೆ. ಅಂಥ ರಕ್ತ ಹಾಕಿಸಿಕೊಂಡವರಿಗೆ ಅದು ಕಾಣಿಸಲು ಇಪ್ಪತ್ತು ವರ್ಷ ಬೇಕು. ಜನ ಇದನ್ನು ಮಡಿಕೆ ರೋಗ ಎಂದರು.

ಮೊದಲ ತಿಂಗಳುಗಳಲ್ಲಿ ಕೆಂಪು ಬಂದವರಿಗೆ ನಿಜವನ್ನೇ ಹೇಳುತ್ತಿದ್ದರು. ಒಂದು ಜಿಲ್ಲೆಯಲ್ಲಿ ಎರಡು ವಾರದಲ್ಲಿ ಏಳು ಜನ ಬಾವಿಗೆ ಹಾರಿದರು. ಗೊತ್ತಾದ ಮದುವೆಗಳು ಮುರಿದವು. ಶಿಬಿರಗಳಿಗೆ ನರಪಿಳ್ಳೆಯೂ ಬರದಾಯಿತು. ಆಗ ಸುತ್ತೋಲೆ ಬಂತು: ಕಾರಣ ತಿಳಿಸತಕ್ಕದ್ದಲ್ಲ, ಹಿಮೋಗ್ಲೋಬಿನ್ ಕಡಿಮೆ ಎಂದು ಹೇಳಿ ಕಬ್ಬಿಣಾಂಶದ ಗುಳಿಗೆ ಕೊಟ್ಟು ಕಳಿಸತಕ್ಕದ್ದು. ನೀಲಿ ಬಾಟಲಿ ಮೇಜಿನ ಮೇಲಿದ್ದರೆ ಸುಳ್ಳು ನಿಲ್ಲುವುದಿಲ್ಲವಲ್ಲ, ಅದನ್ನು ಬೀರುವಿನೊಳಗೆ ಸೇರಿಸಿದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರಲ್ಲ ಕಸ್ತೂರಿಬಾಯಿ, ನಾವು ಒಂದ ಸುಳ್ಳಿನಾಗ ಸಾವಿರ ಮದುವಿ ಉಳಸಾಕತ್ತೀವಿ" ಎಂದು ಡಾಕ್ಟರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಊರಿನವರ ಬೆರಳನ್ನೆಲ್ಲ ಚುಚ್ಚಿದ ನಾವಿಬ್ಬರೂ ನಮ್ಮ ಬೆರಳನ್ನು ಮಾತ್ರ ಒಂದು ದಿನವೂ ಜೋಯಿಸಪ್ಪನ ಮುಂದೆ ಹಿಡಿಯಲಿಲ್ಲ.

ಕೆಂಪು ಬಂದವರು ಹೆಚ್ಚಾಗಿ ಗುಳಿಗೆ ಜೇಬಿಗಿಟ್ಟುಕೊಂಡು ಹೋಗಿ ಮರೆತುಬಿಡುತ್ತಿದ್ದರು. ಮರೆಯದವನು ಒಬ್ಬನೇ, ಬೆಟಗೇರಿಯ ಗಾದಿ ಹೊಲಿಯುವ ಇಮಾಮಸಾಬ ನದಾಫ. ನಲವತ್ತಾರು ವಯಸ್ಸು, ಮೂವತ್ತೆಂಟು ಸಲ ದಾನ ಮಾಡಿದವನು. ಅವನದು ಬಾಂಬೆ ಗ್ರೂಪು. ಮೇಲ್ನೋಟಕ್ಕೆ 'ಓ' ಎಂದು ಕಾಣುತ್ತದೆ, ಆದರೆ ಈ ಗುಂಪಿನವರಿಗೆ ಓ ರಕ್ತ ಹಾಕಿದರೆ ಮೈ ಒಪ್ಪುವುದಿಲ್ಲ, ಇದೇ ಗುಂಪಿನವರದೇ ಬೇಕು. ಹತ್ತು ಸಾವಿರಕ್ಕೆ ಒಬ್ಬರು ಸಿಕ್ಕರೆ ಪುಣ್ಯ. ಇಮಾಮಸಾಬನಿಗೆ ಇದರ ಹೆಮ್ಮೆ ಎಷ್ಟೆಂದರೆ, ನಾವು ಕೊಟ್ಟಿದ್ದ ಹಿತ್ತಾಳೆ ಬಿಲ್ಲೆಯನ್ನು ಮದುವೆಗಳಿಗೂ ಹಾಕಿಕೊಂಡು ಹೋಗುತ್ತಿದ್ದ.

ಅವನಿಗೆ ಕೆಂಪು ಬಂತು. ನಾನು ಸುಳ್ಳು ಹೇಳಿದೆ. ಅವನು ಮೂರು ತಿಂಗಳಿಗೆ ಸರಿಯಾಗಿ ಮತ್ತೆ ಬಂದ.

"ಅಕ್ಕಾರ, ಈ ಸಲ ಏರಿರಬೇಕು ನೋಡ್ರಿ. ದಿನಾ ಬೀಟ್‌ರೂಟ ತಿಂದೀನಿ, ನಾಲಿಗಿ ನೋಡ್ರಿ ಹ್ಯಾಂಗ್ ಕೆಂಪಗಾಗೇತಿ."

"ಇನ್ನೂ ಒಂದಿಷ್ಟು ಕಡಿಮಿ ಐತಿ ಇಮಾಮಸಾಬ."

ಹೀಗೆ ಎಂಟು ಸಲ. ಎಂಟನೆಯ ಸಲ ಅವನು ಜಗಳ ಮಾಡಲಿಲ್ಲ, ಹೆಂಡತಿ ಹುಸೇನಬಿಗೆ ಬಯ್ದುಕೊಂಡ: "ಆಕಿ ಕಾಳಜಿಲೆ ಅಡಿಗಿ ಮಾಡಂಗಿಲ್ರಿ, ಬರೇ ಕಾಟಾಚಾರ." ಆ ತಾಯಿ ಗಂಡನ ರಕ್ತ ಏರಲೆಂದು ಎರಡು ವರ್ಷ ಕಬ್ಬಿಣದ ಬಾಣಲೆಯಲ್ಲೇ ಅಡುಗೆ ಮಾಡಿದ್ದಳು.

ಒಂಬತ್ತನೆಯ ಸಲ ಅವನು ಬರುವ ಮೊದಲು ನಾನೇ ಅವನ ಮನೆಗೆ ಹೋಗಬೇಕಾಗಿ ಬಂತು.

ಅದೊಂದು ಬುಧವಾರ, ಬೆಳಗಿನ ಹನ್ನೊಂದು. ಪಕ್ಕದ ಹೆರಿಗೆ ಆಸ್ಪತ್ರೆಯಿಂದ ಒಂದು ಮಾದರಿ ಬಂತು. ಶಿವಲೀಲಾ, ಇಪ್ಪತ್ತಮೂರು ವರ್ಷ, ಚೊಚ್ಚಲ ಹೆರಿಗೆ. ಮಗು ಚೆನ್ನಾಗಿದೆ, ತಾಯಿಗೆ ರಕ್ತ ಹೋಗುವುದು ಮಾತ್ರ ನಿಲ್ಲುತ್ತಿಲ್ಲ. ಚೀಟಿಯಲ್ಲಿ ಓ ಎಂದು ಬರೆದಿದ್ದರು. ನಮ್ಮಲ್ಲಿದ್ದ ಯಾವ ಓ ರಕ್ತವೂ ಹೊಂದಲಿಲ್ಲ, ಎಲ್ಲ ಗಂಟುಗಟ್ಟಿತು. ನನಗೆ ತಕ್ಷಣ ಹೊಳೆಯಿತು, ಮತ್ತೊಮ್ಮೆ ಮಾಡಿ ನೋಡಿದೆ. ಬಾಂಬೆ ಗ್ರೂಪು.

ಡಾಕ್ಟರು ಬೆಂಗಳೂರಿನ ಕಂಟ್ರೋಲ್ ರೂಮಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು.

"ಸರ್, ಫ್ರೀಜ್ ಮಾಡಿರೋ ಒಂದು ಚೀಲ ಇದೆ. ಕರಗಿಸಿ ತೊಳೆದು ಕಳಿಸಿದ್ರೆ ನಿಮಗೆ ಸಂಜೆ ಏಳಾಗುತ್ತೆ" ಎಂದಿತು ಆ ಕಡೆಯ ಹೆಣ್ಣು ದನಿ.

"ಏಳಕ್ಕ ಆಕಿ ಇರಂಗಿಲ್ಲಮ್ಮ. ಎರಡು ತಾಸು ಅಂದಾರ. ನಮ್ಮಲ್ಲೇ ಒಬ್ಬ ದಾನಿ ಇದ್ದಾನ, ಇಮಾಮಸಾಬ ನದಾಫ ಅಂತ. ಅವನ ಚೀಲಕ್ಕ ಬಾರ್‌ಕೋಡ್ ಬಿಡುಗಡೆ ಮಾಡ್ರಿ, ಅದಿಲ್ದ ರಕ್ತ ಕೊಡೂ ಹಂಗಿಲ್ಲ."

ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟುವ ಸದ್ದು. "ಅವರಿಗೆ ಕೆಂಪಾಗಿದೆ ಸರ್. ಶಾಶ್ವತ ತಿರಸ್ಕೃತ. ಅವರು ದಾನಿಗಳ ಪಟ್ಟಿಯಲ್ಲೇ ಇಲ್ಲ."

"ಇಪ್ಪತ್ತು ವರ್ಷದ ಮ್ಯಾಲ ಬರೂ ರೋಗಕ್ಕ ಹೆದರಿ ಇವತ್ತ ಸಾಯಿ ಅನ್ನಬೇಕೇನ್ರಿ ಆಕೀಗೆ?"

"ನನಗೂ ಅರ್ಥ ಆಗುತ್ತೆ ಸರ್. ಆದ್ರೆ ಪರದೆ ಮೇಲೆ ಆ ಬಟನ್ನೇ ಇಲ್ಲ. ನಾನೇನ್ ಒತ್ಲಿ ಹೇಳಿ?"

ಆ ಒಂದು ಚೀಲವನ್ನಾದರೂ ಕಳಿಸಿ ಎಂದು ಡಾಕ್ಟರು ಫೋನಿಟ್ಟರು. ಹಳೆಯ ಡ್ರಾವರಿನಿಂದ ಕೈಬರಹದ ಲೇಬಲ್ಲುಗಳ ಕಟ್ಟು ಹೊರತೆಗೆದು ಮೇಜಿನ ಮೇಲೆ ಹಾಕಿದರು. "ಹೋಗಿ ಕರಕೊಂಡ್ ಬರ್ರಿ. ಬಾರ್‌ಕೋಡ್ ಹಾಳಾಗಿ ಹೋಗಲಿ, ಸಹಿ ನಂದು. ಒಂದು ಚೀಲ ಸಿಕ್ಕರ ಸಂಜಿತನಕ ಆಕೀನ್ನ ಹಿಡದು ನಿಲ್ಲಿಸಬಹುದು. ಅವನಿಗೇನೂ ಹೇಳಬ್ಯಾಡ್ರಿ. ಹಿಮೋಗ್ಲೋಬಿನ್ ಏರೇತಿ ಅಂದ್ರ ಸಾಕು."

ಸ್ಕೂಟಿ ಹತ್ತಿದೆ. ಇಮಾಮಸಾಬ ಮನೆಯ ಮುಂದೆ ಅರಳೆ ಹಿಂಜುತ್ತಿದ್ದ, ಮೀಸೆಯ ಮೇಲೆಲ್ಲ ಹತ್ತಿ. ಹಿಂಜುವ ಬಿಲ್ಲಿನ ತಂತಿ ಝುಂಯ್ ಎನ್ನುತ್ತಿತ್ತು. ನನ್ನನ್ನು ಕಂಡವನೇ ಬಿಲ್ಲನ್ನು ಗೋಡೆಗೆ ಆನಿಸಿದ.

"ಯಾರಿಗೋ ಬೇಕಾಗೇತೇನ್ರಿ? ನನ್ನ ಕರಿಯಾಕ ಬಂದೀರಿ ಅಂದ್ರ..." ಮಾತು ಮುಗಿಸದೆ ಒಳಗೆ ಓಡಿದ. "ಏ ಹುಸೇನಬಿ! ಏರೇತಂತ! ರಕ್ತ ಏರೇತಂತ!"

ನಾನು ಹಾಗೆಂದು ಹೇಳಿರಲೇ ಇಲ್ಲ. ಇಲ್ಲವೆನ್ನಲೂ ಇಲ್ಲ. ಹುಸೇನಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದಳು. "ಎರಡ ವರ್ಷ ಆತ್ರಿ ಬಾಯಾರ, ದಿನಾ ನನ್ನ ಅಡಿಗಿಗೆ ಹೆಸರಿಡೋದು. ಇವತ್ತ ನನ್ನ ಮಾನ ಉಳೀತು ನೋಡ್ರಿ." ಒಂದು ಡಬ್ಬಿ ತುಂಬ ಶೇಂಗಾ ಉಂಡೆ ತಂದು ನನ್ನ ಚೀಲಕ್ಕೆ ತುರುಕಿದಳು. ಇಮಾಮಸಾಬ ತಲೆ ಬಾಚಿಕೊಂಡು, ಅಂಗಿ ಬದಲಿಸಿ, ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡು ಬಂದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ರಕ್ತನಿಧಿಗೆ ಬಂದು ಕುರ್ಚಿಯಲ್ಲಿ ಕೂತ. ಬೆರಳು ಚಾಚಿದ. "ಚುಚ್ಚರಿ."

"ಬ್ಯಾಡ, ಈ ಸಲ ಸೀದಾ ತಗೊಂಡಬಿಡ್ತೀವಿ. ಹಡದ ಹೆಣ್ಮಗಳಿಗೆ ಬೇಕಾಗೇತಿ, ಅವಸರ ಐತಿ."

ಅವನು ಮುಂದಿಟ್ಟ ತೋಳನ್ನು ಹಿಂದೆಳೆದುಕೊಂಡ. "ಹಂಗ್ಯಾಂಗ್ರಿ? ಎಂಟು ಸಲ ಕಡಿಮಿ ಐತಿ ಅಂದು ಕಳಿಸಿದವರು ಇವತ್ತ ನೋಡದ ತಗೋತೀನಿ ಅಂತೀರಿ. ಕಡಿಮಿ ಇದ್ದಿದ್ದ ರಕ್ತ ಆ ಹೆಣ್ಮಗಳಿಗೆ ಹಾಕಿ ಏನರ ಆದ್ರ? ಆ ಪಾಪ ನನಗ ಬ್ಯಾಡ. ಮೊದಲ ನೋಡ್ರಿ. ಆ ಡಬ್ಬಿಯೊಳಗ ಬ್ಯಾಡ, ಅದು ಏನ್ ಹೇಳತೈತೋ ನನಗ ತಿಳಿಯೂದಿಲ್ಲ. ಮೊದಲಿನ ನೀಲಿ ಬಾಟ್ಲಿ ತಗೀರಿ."

"ಇಮಾಮಸಾಬ, ಹೊತ್ತಾಗಾಕತ್ತೈತಿ."

"ಅದಕ್ಕ ಲಗೂನ ತಗೀರಿ."

ಡಾಕ್ಟರು ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸುತ್ತಿದ್ದರು. ಗಡಿಯಾರ ಹನ್ನೊಂದು ಐವತ್ತು. ನನ್ನ ಸುಳ್ಳು ತಿರುಗಿ ಬಂದು ನನ್ನ ಕುತ್ತಿಗೆಯನ್ನೇ ಹಿಡಿದಿತ್ತು. ಇವನು ನಂಬಿದ್ದ, ನಂಬಿದ್ದಕ್ಕೇ ಈಗ ಕೊಡಲು ಒಪ್ಪುತ್ತಿರಲಿಲ್ಲ. ನಾನು ಎದ್ದು ಬೀರು ತೆರೆದು ಬಾಟಲಿ ತಂದಿಟ್ಟು, ಅವನ ಬೆರಳು ಚುಚ್ಚಿ, ಹನಿ ಬಿಟ್ಟೆ.

ಹನಿ ಒಂದು ಕ್ಷಣವೂ ನಿಲ್ಲದೆ ಮುಳುಗಿ ತಳ ಸೇರಿತು.

"ನೋಡ್ರಿ! ಹೆಂಗ್ ಮುಳುಗ್ತು!" ಎಂದು ಚಪ್ಪಾಳೆ ತಟ್ಟಿದ. ಆಮೇಲೆ ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆ. ಅವನು ದಡ್ಡನಲ್ಲ. "ಅಕ್ಕಾರ, ಇದು ಯಾವತ್ತಿಂದ ಮುಳುಗಾಕತ್ತೈತಿ?"

"ಯಾವತ್ತೂ ತೇಲಿಲ್ಲ ಇಮಾಮಸಾಬ."

ಎಲ್ಲ ಹೇಳಿದೆ. ಮಡಿಕೆ ರೋಗ ಎಂದಾಗ ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಅಂಗೈಯಲ್ಲಿ ದಬ್ಬಣ ಹಿಡಿದು ಆದ ಗಂಟುಗಳಿದ್ದವು.

"ಅಂದ್ರ ಈ ಕೈ ನಡಗ್ತಾವು."

"ಹೂಂ."

"ಎರಡು ವರ್ಷ ನನಗ ಬೀಟ್‌ರೂಟ ತಿನಿಸಿದ್ರಿ." ಅವನ ದನಿ ಏರಿತು. "ನನ್ನ ಹೇಣ್ತಿ ಕೈಲೆ ಕಬ್ಬಣದ ಬಾಣಲಿ ತಿಕ್ಕಿಸಿದ್ರಿ! ನಾ ಆಕೀಗೆ ಬಯ್ದೀನ್ರಿ ಅಕ್ಕಾರ, ಅನ್ನದ ತಾಟು ಒಗದೀನಿ ಒಂದ್ಸಲ. ನಿಮಗ ಹ್ಯಾಂಗ್ ಮನಸ ಬಂತು?"

ಅವನು ಏನೋ ನೆನಪಾದವನಂತೆ ತಲೆಯೆತ್ತಿದ. "ನಾ ಮೊದಲ ಕೊಟ್ಟಿದ್ದು? ನನ್ನ ರಕ್ತ ಹಾಕಿಸಿಕೊಂಡ ನವಲಗುಂದದ ಆ ಸಣ್ಣ ಹುಡುಗಿ? ನನಗ ರಾಖಿ ಕಳಸ್ತಾಳ್ರಿ ವರ್ಷಾ."

"ನಿನಗ ಯಾವಾಗಿಂದ ಐತೋ ಯಾರಿಗೂ ಗೊತ್ತಿಲ್ಲ. ಆಕೀಗೆ ಬಂದಿರಲಿಕ್ಕೂ ಸಾಕು, ಬರದ ಇರಲಿಕ್ಕೂ ಸಾಕು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನನ್ನು ಅಳಲು ಬಿಡುವಷ್ಟು ಹೊತ್ತು ನಮ್ಮಲ್ಲಿರಲಿಲ್ಲ, ಅದೂ ಒಂದು ಕ್ರೌರ್ಯವೇ. ಡಾಕ್ಟರು ಮೆಲ್ಲಗೆ ಹೇಳಿದರು: "ಇಮಾಮಸಾಬ, ನೀ ಒಲ್ಲೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

"ನನ್ನ ರಕ್ತ ಹಾಕಿದ್ರ ಆ ಬಾಣಂತಿಗೆ ಎಷ್ಟು ವರ್ಷ ಸಿಗತಾವ್ರಿ?"

"ಇಪ್ಪತ್ತು. ಒಂದೆರಡು ಹೆಚ್ಚು ಕಡಿಮಿ."

"ಕೂಸು ಕಾಲೇಜ ಕಟ್ಟಿ ಹತ್ತೂತನಕ." ಅವನು ತೋಳು ಚಾಚಿದ. "ಆಕಿ ಗಂಡಗ ಹೇಳ್ರಿ. ಕದ್ದು ಹಾಕಬ್ಯಾಡ್ರಿ. ಅವ ಹೂಂ ಅಂದ್ರ ತಗೋರಿ."

ಗಂಡ ಫಕ್ಕೀರೇಶ ಗೂಡ್ಸ್ ಆಟೋ ಓಡಿಸುವ ಹುಡುಗ, ಎಳೆ ಮುಖ. ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಡಾಕ್ಟರು ಅವನಿಗೆ ಎಲ್ಲ ಬಿಡಿಸಿ ಹೇಳಿದರು. ಅವನು ಅರ್ಧಕ್ಕೇ ಪೆನ್ನು ಕಸಿದುಕೊಂಡ. "ಇಪ್ಪತ್ತು ವರ್ಷ ಅಂತೀರಿ ಸರ್. ನಾಳೆ ಮುಂಜಾನಿತನಕ ಅಂದಿದ್ರೂ ಸಹಿ ಹಾಕ್ತಿದ್ದೆ." ಸಹಿ ಹಾಕಿ ಮುಗಿದ ಮೇಲೆ ಕೈಮುಗಿದ. "ಆಕೀಗೆ ಮಾತ್ರ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ." ಡಾಕ್ಟರು ಹೂಂ ಎಂದರು. ನಾನೂ ಹೂಂ ಎಂದೆ.

ಚೀಲ ತುಂಬಿತು. ಉಳಿದ ಪರೀಕ್ಷೆಗಳನ್ನು ಅವಸರವಸರವಾಗಿ ಮುಗಿಸಿದೆವು, ಡಾಕ್ಟರು ಕೈಯಾರೆ ಲೇಬಲ್ ಬರೆದರು. ಸಂಜೆ ಏಳೂವರೆಗೆ ಬೆಂಗಳೂರಿನ ಚೀಲ ಬರುವಷ್ಟರಲ್ಲಿ ಶಿವಲೀಲಾ ಕಣ್ಣು ಬಿಟ್ಟು ಮಗುವನ್ನು ಕೇಳಿದ್ದಳು. ಹೆಣ್ಣು ಮಗು.

ಹದಿನೈದು ದಿನದಲ್ಲಿ ವಿಚಾರಣೆ ಬಂತು. ಡಾಕ್ಟರು ಎಲ್ಲವನ್ನೂ ತಮ್ಮ ತಲೆಗೇ ಹಾಕಿಕೊಂಡರು, ಅಮಾನತ್ತಾಗಿ ತಮ್ಮೂರು ಮುಂಡರಗಿಗೆ ಹೋದರು. ನನಗೆ ಒಂದು ನೋಟೀಸು ಕೊಟ್ಟು ಸುಮ್ಮನಾದರು. ಶಿವಲೀಲಾಳ ಹೆಸರು ವಿಚಾರಣೆಯ ಕಾಗದದಲ್ಲಿ ಬರೀ ಒಂದು ಸಂಖ್ಯೆಯಾಗಿತ್ತು.

ಇಮಾಮಸಾಬ ಮೂರು ತಿಂಗಳು ನನ್ನ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ಭಾನುವಾರ ಶಿಬಿರಕ್ಕೆ ತಾನಾಗಿಯೇ ಬಂದು, ದಾನಿಗಳಿಗೆ ಬಿಸ್ಕೀಟು ಶರಬತ್ತು ಕೊಡುವ ಮೇಜಿನ ಹಿಂದೆ ನಿಂತ. "ಮನ್ಯಾಗ ಕುಂತ್ರ ಕೈ ನೋಡಿಕೊಂತ ಕುಂದರ್ತೀನ್ರಿ" ಎಂದ. ಮನೆಯಲ್ಲಿ ಹುಸೇನಬಿಗೆ ಹೇಳಿದ್ದನಂತೆ. ಅವಳು ಎರಡು ದಿನ ಅತ್ತು, ಮೂರನೆಯ ದಿನ ಕಬ್ಬಿಣದ ಬಾಣಲೆಯನ್ನು ಹಳೆ ಸಾಮಾನಿನವನಿಗೆ ಹಾಕಿದಳಂತೆ.

ಅವತ್ತು ಅವನು ನನ್ನಿಂದ ಒಂದು ಮಾತು ತೆಗೆದುಕೊಂಡ. "ಇನ್ನ ಯಾರಿಗೂ ಬೀಟ್‌ರೂಟ ತಿನಿಸಬ್ಯಾಡ್ರಿ ಅಕ್ಕಾರ. ಕೇಳಿದವರಿಗೆ ಖರೇ ಹೇಳ್ರಿ."

ನಾನು ನೀಲಿ ಬಾಟಲಿಯನ್ನು ಬೀರುವಿನಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟೆ. ಕೆಂಪು ಬಂದವರಿಗೆ "ನಿಮ್ಮ ರಕ್ತ ತಗೊಳ್ಳೂ ಹಂಗಿಲ್ಲ" ಎಂದಷ್ಟೇ ಹೇಳುತ್ತಿದ್ದೆ. ಯಾಕೆ ಎಂದು ಕೇಳಿದವರನ್ನು ಒಳಗೆ ಕೂರಿಸಿ ನಿಜ ಹೇಳುತ್ತಿದ್ದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಒಬ್ಬರು ನನ್ನ ಕಪಾಳಕ್ಕೆ ಹೊಡೆದರು, ಒಬ್ಬರು ಕೃತಜ್ಞತೆ ಹೇಳಿದರು, ಬಹಳ ಜನ ಕೇಳಲೇ ಇಲ್ಲ. ಇಮಾಮಸಾಬ ದೂರದಿಂದ ನೋಡಿ ತಲೆದೂಗುತ್ತಿದ್ದ. ಅಷ್ಟರಲ್ಲಿ ಅವನ ಕೈಯ ಶರಬತ್ತಿನ ಲೋಟ ಅಲುಗಲು ಶುರುವಾಗಿತ್ತು. ಎಂಟು ವರ್ಷ ಎಂಬ ಲೆಕ್ಕ ಅವನ ವಿಷಯದಲ್ಲಿ ತಪ್ಪಿತ್ತು.

ಮೊನ್ನೆ ಬೆಟಗೇರಿಯ ಶಾಲೆಯೊಂದರಲ್ಲಿ ಶಿಬಿರ. ಹನ್ನೊಂದರ ಹೊತ್ತಿಗೆ ನನ್ನ ಎದುರಿನ ಕುರ್ಚಿಯಲ್ಲಿ ದುಂಡು ಮುಖದ ಒಬ್ಬ ಹೆಂಗಸು ಬಂದು ಕೂತಳು. ಹಣೆ ತುಂಬ ಕುಂಕುಮ.

"ನನ್ನ ಗುರ್ತ ಸಿಗಲಿಲ್ಲೇನ್ರಿ? ನಾ ಶಿವಲೀಲಾ. ನಿಮ್ಮಲ್ಲಿಂದ ರಕ್ತ ತಂದು ಹಾಕಿದ್ರಲ್ರಿ. ಹದಿನಾಕು ತಿಂಗಳಾತು. ರಕ್ತ ಹಾಕಿಸಿಕೊಂಡವರು ವರ್ಷ ಕೊಡಬಾರದಂತ, ಹಡದವರೂ ವರ್ಷ ಕೊಡಬಾರದಂತ. ಎಲ್ಲಾ ಎಣಿಸೇ ಬಂದೀನಿ. ಕೂಸಿಗೆ ಹಾಲೂ ಬಿಡಿಸೀನಿ."

ಅವಳ ಹಿಂದೆ, ಬಾಗಿಲ ಹತ್ತಿರ, ಫಕ್ಕೀರೇಶ ಮಗುವನ್ನೆತ್ತಿಕೊಂಡು ನಿಂತಿದ್ದ. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಬ್ಯಾಡಂದ್ರೂ ಕೇಳಲಿಲ್ರಿ ಆಕಿ" ಎಂದ ನೆಲ ನೋಡುತ್ತ.

"ಯಾಕ ಬ್ಯಾಡ? ಯಾರೋ ಪುಣ್ಯಾತ್ಮರ ರಕ್ತದಾಗ ಬದಿಕೀನಿ. ಯಾರಂತ ಯಾರೂ ಹೇಳವಲ್ರು. ನಂದೂ ಅಂಥದ ರಕ್ತ ಅಂತಲ್ರಿ, ಯಾರಿಗರ ಬೇಕಾಗಿರತೈತಿ." ಬೆರಳು ಚಾಚಿದಳು.

ಪ್ರಶ್ನೆಗಳನ್ನೆಲ್ಲ ಕೇಳಿದೆ, ನೆಗಡಿಯಾದರೂ ಇರಲಿ ದೇವರೇ ಎಂದುಕೊಂಡೆ. ಏನೂ ಇರಲಿಲ್ಲ. ತೂಕ ಐವತ್ತೆರಡು. ಚುಚ್ಚಿದೆ, ಹನಿಯನ್ನು ಜೋಯಿಸಪ್ಪನಿಗೆ ಕೊಟ್ಟೆ. ಇಷ್ಟು ಬೇಗ ತೋರಿಸಲಿಕ್ಕಿಲ್ಲ ಎಂದು ಆ ನಾಲ್ಕು ನಿಮಿಷ ಬೇಡಿಕೊಂಡೆ. ಶರಬತ್ತಿನ ಮೇಜಿನ ಹಿಂದೆ ಇಮಾಮಸಾಬ ಲೋಟ ತುಂಬುವುದನ್ನು ಬಿಟ್ಟಿದ್ದ. ಅವನೂ ಅವಳ ಮಾತು ಕೇಳಿಸಿಕೊಂಡಿದ್ದ.

ಕೆಂಪು.

"ತಗೊಳ್ಳೂ ಹಂಗಿಲ್ಲ ತಂಗಿ" ಎಂದೆ.

"ಯಾಕ್ರಿ?"

ಕೇಳಿಬಿಟ್ಟಳು. ಒಂದು ಕಡೆ ಇಮಾಮಸಾಬನಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಮೆಟ್ಟಿಲ ಮೇಲೆ ಅವಳ ಗಂಡನಿಗೆ ಕೊಟ್ಟ ಮಾತು. ಅವಳು ಮೇಜಿನತ್ತ ಬೆರಳು ಮಾಡಿ ನಕ್ಕಳು. "ಆ ನೀಲಿ ಬಾಟ್ಲಿಯೊಳಗ ಹನಿ ಬಿಟ್ಟು ನೋಡ್ತಾರಂತಲ್ರಿ, ಅದರಾಗರ ನೋಡ್ರಿ ಒಮ್ಮೆ."

ನಾನು ಬಾಟಲಿಗೆ ಕೈ ಹಾಕುವ ಮೊದಲೇ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು. ಇಮಾಮಸಾಬ. ಅವನ ನಡುಗುವ ಕೈಯಲ್ಲಿ ನೀಲಿ ನೀರು ತುಳುಕಾಡುತ್ತಿತ್ತು.

"ಇದು ಹಳೇದಾಗೇತವ್ವಾ, ಚೆಲ್ಲಬೇಕು" ಎಂದು ಅದನ್ನು ಶರಬತ್ತಿನ ಪೆಟ್ಟಿಗೆಗಳ ಹಿಂದೆ ಇಟ್ಟು ಬಂದ. ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತ. "ನಿನಗ ರಕ್ತ ಕಡಿಮಿ ಐತಿ, ಅಷ್ಟ. ಬಾಣಂತನ ಆದವರಿಗೆ ಇರೂದ. ದಿನಾ ಬೀಟ್‌ರೂಟ ತಿನ್ನು. ಬೆಲ್ಲ ಶೇಂಗಾ ತಿನ್ನು."

"ಅಯ್ಯ ಕಾಕಾ, ಬೀಟ್‌ರೂಟ ನನಗ ಸೇರೂದ ಇಲ್ಲ!"

"ಸೇರಲಿಲ್ಲಂದ್ರೂ ತಿನ್ನಬೇಕು. ನಾ ಎರಡು ವರ್ಷ ತಿಂದೀನಿ."

"ಏರಿತೇನು?"

ಅವನು ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿದ್ದ ಮಗುವನ್ನು ನೋಡಿದ. "ಏರತೈತವ್ವಾ" ಎಂದ.

ನಾನು ನನ್ನ ಕೈಚೀಲ ತೆರೆದೆ. ತಳದಲ್ಲಿ ಕಬ್ಬಿಣಾಂಶದ ಗುಳಿಗೆಯ ಹಳೆಯ ಪಟ್ಟಿಗಳು ಉಳಿದಿದ್ದವು. ಎರಡು ತೆಗೆದು ಶಿವಲೀಲಾಳ ಕೈಗಿಟ್ಟೆ.

"ಊಟ ಆದಮ್ಯಾಲ ದಿನಕ್ಕೊಂದು ತಗೋ" ಎಂದೆ. "ನಾಕು ತಿಂಗಳು ಬಿಟ್ಟು ಬಾ."